ದಲಾಲಿ ಇಲ್ಲದ ಪೇಟೆ

ಅಸುಂಡಿಯ ನಮ್ಮ ಕಾಕಾನ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇದೆ. 2014ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಬಿಡಿಭಾಗ ಆರಿಸಿ, ನಾನೇ ಜೋಡಿಸಿದ್ದು. ಎಎಂಡಿ ಎಫ್‌ಎಕ್ಸ್-6300 ಪ್ರೊಸೆಸರ್, ರೇಡಿಯಾನ್ ಆರ್9 270 ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ‍್ಯಾಮ್. ಮಾನಿಟರ್ ಬಿಟ್ಟು ನಲವತ್ತು ಸಾವಿರ ಚಿಲ್ಲರೆ ಆಗಿತ್ತು. ಮೊದಲ ಕೆಲಸದ ಮೊದಲ ಉಳಿತಾಯ ಅಷ್ಟೂ ಅದಕ್ಕೇ ಹೋಯ್ತು. ಮೂರು ವರ್ಷ ನನ್ನ ರೂಮಿನಲ್ಲಿತ್ತು. ಆಮೇಲೆ ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟರು, ರೂಮೂ ಬದಲಾಯ್ತು, ಮಷೀನು ರಟ್ಟಿನ ಡಬ್ಬಿಯೊಳಗೆ ಕೂತು ಗದಗಿನ ಬಸ್ಸು ಹತ್ತಿತು. ಅವತ್ತಿನಿಂದ ಅದು ಕಾಕಾನ ಮಗನದು. ಆಗ ಅವನಿಗೆ ಹನ್ನೆರಡು ವರ್ಷ.

ಈಗ ಇಪ್ಪತ್ತು. ಬಿಸಿಎ ಕಡೆಯ ವರ್ಷದಲ್ಲಿದ್ದಾನೆ. ಹಗಲು ಕಾಲೇಜು, ಸಂಜೆ ಗದಗಿನ ಒಂದೆರಡು ಪ್ರಿಂಟಿಂಗ್ ಪ್ರೆಸ್ಸಿಗೆ ಲಗ್ನಪತ್ರಿಕೆ, ಜಾತ್ರೆಯ ಫ್ಲೆಕ್ಸು, ಹುಟ್ಟುಹಬ್ಬದ ಬ್ಯಾನರು ಡಿಸೈನ್ ಮಾಡಿಕೊಡುತ್ತಾನೆ. ಗದಗ ಮೊದಲಿನಿಂದಲೂ ಅಚ್ಚಿನ ಊರು, ಈ ಕೆಲಸಕ್ಕೆ ಅಲ್ಲಿ ಬರ ಇಲ್ಲ. ರಾತ್ರಿ ಊಟ ಆದಮೇಲೆ ಆಟ. ಆಟಕ್ಕೆ ಅಂತ ಬಂದ ಮಷೀನು ಹೀಗೆ ನಿಧಾನಕ್ಕೆ ಮನೆಗೆ ರೊಕ್ಕ ತರೋಕೆ ಶುರುಮಾಡಿತು. ತಿಂಗಳಿಗೆ ದೊಡ್ಡ ಮೊತ್ತವೇನಲ್ಲ, ಆದರೆ ಅವನ ಬಸ್ ಪಾಸು, ಮೊಬೈಲ್ ರೀಚಾರ್ಜು, ಕಾಲೇಜಿನ ಫೀಯ ಒಂದು ಭಾಗ ಅದರಲ್ಲೇ ಕಳೆಯುತ್ತದೆ.

2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಆ ವರ್ಷ ಕಾಕಾನ ಹೆಸರು ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕು ಅರ್ಧ ಕಪ್ಪಾಗಿತ್ತು. ಬಂದಿದ್ದ ರೊಕ್ಕದಲ್ಲಿ ಗೊಬ್ಬರದ ಬಾಕಿ ತೀರಿಸಿ ಸ್ವಲ್ಪ ಉಳಿದಿತ್ತು. ಇತ್ತ ಮಗನ ಕಂಪ್ಯೂಟರ್ ಪರದೆಯ ಮೇಲೆ, ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯಿತು ಅನ್ನೋ ಸೂಚನೆ ಪದೇಪದೇ ಬರುತ್ತಿತ್ತು. ವಿಂಡೋಸ್ 11 ಆ ಹಳೆಯ ಪ್ರೊಸೆಸರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜೊತೆಗೆ ಅವನ ತಲೆಯಲ್ಲಿ ಜಿಟಿಎ 6 ಕೂತಿತ್ತು. ಅದು ಘೋಷಣೆಯಾಗಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸಿರೀಸ್‌ಗೆ ಮಾತ್ರ, ಪಿಸಿಯ ಹೆಸರೇ ಇಲ್ಲ. "ಅಣ್ಣಾ, ಪಿಎಸ್5 ತಗೊಂಡ್ರ ಹೆಂಗ?" ಅಂತ ಅವನು. ಕಾಕಾ ಎಲೆಗೆ ಸುಣ್ಣ ಹಚ್ಚುತ್ತಾ ನನ್ನ ಕಡೆ ತಿರುಗಿ, "ಏನಪಾ, ಈ ಕಂಪ್ಯೂಟರ್‌ದ ಆಯುಷ್ಯ ಇನ್ನೆಷ್ಟ ಐತಿ? ಇದರ ಮ್ಯಾಲ ಮತ್ತ ರೊಕ್ಕ ಹಾಕೂದೋ, ಬಿಡೂದೋ?" ಅಂದ.

ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಮನುಷ್ಯನಿಗೆ ಗ್ರಾಫಿಕ್ಸ್ ಕಾರ್ಡಿನ ವಯಸ್ಸು ಹೇಗೆ ಹೇಳೋದು? ಆ ಕಾರ್ಡು ಕೆಟ್ಟಿರಲಿಲ್ಲ. ಎರಿ ಮಣ್ಣಿನ ಧೂಳು ಹೀಟ್‌ಸಿಂಕಿನಲ್ಲಿ ಗಟ್ಟಿಯಾಗಿ ಕೂರುತ್ತೆ ಅಂತ ಹುಡುಗ ಎರಡು ತಿಂಗಳಿಗೊಮ್ಮೆ ಸೈಕಲ್ ಪಂಪಿನಿಂದ ಊದಿ ತೆಗೆಯುತ್ತಾನೆ, ವರ್ಷಕ್ಕೊಮ್ಮೆ ಪೇಸ್ಟ್ ಬದಲಿಸುತ್ತಾನೆ. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ಇದ್ದಾಗಲೂ ಓಡಿದೆ. ಹಾಗಾದರೆ ಆಯುಷ್ಯ ಮುಗಿಯುವುದು ಅಂದರೆ ಏನು, ಅದನ್ನು ತೀರ್ಮಾನಿಸುವವರು ಯಾರು ಅನ್ನೋದೇ ಪ್ರಶ್ನೆ. ಅವತ್ತು ಕಾಕಾನಿಗೆ ನಾನು ಹೇಳಿದ್ದು ದಲಾಲಿ ಅಂಗಡಿಯ ಕಥೆ.

ಕಾಕಾ ಹೆಸರು ಬೆಳೆದು ಗದಗಿನ ಎಪಿಎಂಸಿಗೆ ಒಯ್ಯುತ್ತಾನೆ. ಅಲ್ಲಿ ದಲಾಲ ಇರುತ್ತಾನೆ. ಚೀಲ ಇಳಿಸೋದು, ತೂಗಿಸೋದು, ಟೆಂಡರಿಗೆ ಇಡೋದು, ಖರೀದಿದಾರರ ಜೊತೆ ವ್ಯವಹಾರ, ಲೆಕ್ಕ, ಎಲ್ಲಾ ಅವನದು. ರೈತ ಕಟ್ಟೆಯ ಮೇಲೆ ಕೂತು ಚಹಾ ಕುಡಿದರೆ ಆಯ್ತು. ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಡ್ರೈವರ್ ಮಾಡುತ್ತಿದ್ದ ಕೆಲಸ ಹೆಚ್ಚುಕಡಿಮೆ ಇದೇ. ಆಟ ಬರೆದವನು "ಇಲ್ಲೊಂದು ಮರ, ಅಲ್ಲೊಂದು ಸೈನಿಕ, ಅದರ ಹಿಂದೆ ಗೋಡೆ" ಅಂತ ಒಂದೊಂದೇ ಬೇಡಿಕೆ ಕೊಡುತ್ತಾ ಹೋಗುತ್ತಾನೆ. ಇದಕ್ಕೆ ಡ್ರಾ ಕಾಲ್ ಅಂತಾರೆ. ಕಾರ್ಡಿನ ಮೆಮೊರಿಯಲ್ಲಿ ಯಾವುದಕ್ಕೆ ಎಲ್ಲಿ ಜಾಗ ಕೊಡಬೇಕು, ಯಾವುದು ಮುಗಿದ ಮೇಲೆ ಯಾವುದು ಶುರುವಾಗಬೇಕು, ಈ ಬೇಡಿಕೆ ಸರಿಯಾಗಿದೆಯೋ ಇಲ್ಲವೋ ಅನ್ನೋದನ್ನೆಲ್ಲ ನೋಡಿಕೊಂಡು ಕಾರ್ಡಿಗೆ ಅರ್ಥವಾಗುವ ಭಾಷೆಯಲ್ಲಿ ಕಳಿಸುವವನು ಡ್ರೈವರ್. ಡೈರೆಕ್ಟ್‌ಎಕ್ಸ್ 11ರ ಕಾಲದ ಪದ್ಧತಿ ಇದು.

ತೊಂದರೆ ಏನಪ್ಪಾ ಅಂದ್ರೆ, ಈ ದಲಾಲಿ ಅಂಗಡಿಗೆ ಇದ್ದದ್ದು ಬಹುಮಟ್ಟಿಗೆ ಒಂದೇ ಬಾಗಿಲು. ಪ್ರೊಸೆಸರಿನಲ್ಲಿ ಎಷ್ಟೇ ಕೋರುಗಳಿರಲಿ, ಬೇಡಿಕೆಗಳೆಲ್ಲ ಒಂದೇ ಕೋರಿನ ಮೂಲಕ ಸಾಲಿನಲ್ಲಿ ನಿಂತು ಹೋಗಬೇಕಿತ್ತು. ನನ್ನ ಎಫ್‌ಎಕ್ಸ್-6300ರಲ್ಲಿ ಆರು ಕೋರುಗಳಿದ್ದವು, ಆದರೆ ಒಂದೊಂದೂ ಇಂಟೆಲ್‌ನವರ ಕೋರಿಗಿಂತ ಬಡಕಲು. ಆಟ ಆಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಒಂದು ಕಂಬ ಮೇಲೆ ಮುಟ್ಟಿರುತ್ತಿತ್ತು, ಉಳಿದವು ಮದುವೆ ಮನೆಯ ನೆಂಟರ ಹಾಗೆ ಸುಮ್ಮನೆ ಕೂತಿರುತ್ತಿದ್ದವು. ಬೇಡಿಕೆ ಬರದೆ ಗ್ರಾಫಿಕ್ಸ್ ಕಾರ್ಡೂ ಅರ್ಧ ಹೊತ್ತು ಖಾಲಿ. ಅದೇ ದುಡ್ಡಿಗೆ ಎರಡು ಕೋರಿನ ಇಂಟೆಲ್ ಐ3 ತಗೊಂಡ ಗೆಳೆಯ ನನ್ನನ್ನು ನೋಡಿ ನಗುತ್ತಿದ್ದ.

ಅವನ ನಗು ನಿಲ್ಲಿಸಿದ್ದು ಕನ್ಸೋಲುಗಳು. 2013ರ ನವೆಂಬರಿನಲ್ಲಿ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್ ಬಂದವಲ್ಲ, ಎರಡರ ಒಳಗೂ ಎಎಂಡಿ ಚಿಪ್ಪೇ. ಪ್ರೊಸೆಸರ್ ನೋಡಿದರೆ ಅಳು ಬರಬೇಕು: ಅಗ್ಗದ ಲ್ಯಾಪ್‌ಟಾಪಿಗೆ ಹಾಕುವಂಥ ಎಂಟು ಜಾಗ್ವಾರ್ ಕೋರು, ಪಿಎಸ್4ರಲ್ಲಿ ಅವು ಓಡುತ್ತಿದ್ದದ್ದು 1.6 ಗಿಗಾಹರ್ಟ್ಸ್‌ನಲ್ಲಿ. ಗ್ರಾಫಿಕ್ಸ್ ಭಾಗ 1.84 ಟೆರಾಫ್ಲಾಪ್. ಅದು ನನ್ನ ಆರ್9 270ರ ವಂಶದ್ದೇ. ಲೆಕ್ಕದಲ್ಲಿ ನನ್ನ ಕಾರ್ಡೇ ಒಂದು ಕೈ ಮೇಲೆ. ಆದರೂ ಪಿಎಸ್4ರಲ್ಲಿ ಆಟಗಳು ಚೆಂದ ಓಡುತ್ತಿದ್ದವು. ಯಾಕೆಂದರೆ ಅಲ್ಲಿ ದಲಾಲ ಇದ್ದೂ ಇಲ್ಲದ ಹಾಗೆ. ಎಲ್ಲ ಪಿಎಸ್4ಗಳ ಒಳಗೂ ಒಂದೇ ಚಿಪ್ಪು ಅನ್ನೋದು ಗೊತ್ತಿರುವಾಗ ಆಟ ಬರೆಯುವವನು ನೇರವಾಗಿ ಅದರ ಜೊತೆಗೇ ಮಾತಾಡಬಹುದು. ಕೋರುಗಳು ಬಡಕಲಾಗಿದ್ದರಿಂದ ಕೆಲಸವನ್ನು ಆರೇಳು ಕೋರಿಗೆ ಹಂಚದೆ ಬೇರೆ ದಾರಿಯೂ ಇರಲಿಲ್ಲ. ಹಾಗೆ ಹಂಚಿ ಬರೆದ ಆಟಗಳು ಪಿಸಿಗೂ ಬರತೊಡಗಿದವು. 2014ರ ಕೊನೆಗೆ ಬಂದ ಫಾರ್ ಕ್ರೈ 4 ಬರೀ ಎರಡು ಕೋರಿನ ಪೆಂಟಿಯಂಗಳಲ್ಲಿ ಶುರುವೇ ಆಗಲಿಲ್ಲ, ಕಪ್ಪು ಪರದೆ ಅಷ್ಟೇ.

ಪಿಸಿಯಲ್ಲೂ ದಲಾಲನನ್ನು ಬದಿಗೆ ಸರಿಸಬೇಕು ಅನ್ನೋ ಕೂಗು ಹಾಕಿದ್ದರಲ್ಲಿ ಬ್ಯಾಟಲ್‌ಫೀಲ್ಡ್ ಆಟ ಮಾಡುವ ಡೈಸ್ ಸಂಸ್ಥೆಯ ಯೋಹಾನ್ ಆಂಡರ್ಸನ್ ಮುಖ್ಯ. ಎಎಂಡಿ 2013ರ ಸೆಪ್ಟೆಂಬರಿನಲ್ಲಿ ಮ್ಯಾಂಟಲ್ ಘೋಷಿಸಿತು. 2014ರ ಜನವರಿ ಕೊನೆಗೆ ಬ್ಯಾಟಲ್‌ಫೀಲ್ಡ್ 4ಕ್ಕೆ ಅದರ ಪ್ಯಾಚ್ ಬಂತು. ಅರವತ್ತನಾಲ್ಕು ಜನ ಒಂದೇ ಮೈದಾನದಲ್ಲಿ ಗುಂಡು ಹಾರಿಸಿಕೊಳ್ಳುವ ಆಟ ಅದು. ಕಟ್ಟಡ ಕುಸಿದು ಧೂಳೆದ್ದಾಗ ಡೈರೆಕ್ಟ್‌ಎಕ್ಸ್ 11ರಲ್ಲಿ ನನ್ನ ಮಷೀನು ಏದುಸಿರು ಬಿಡುತ್ತಿತ್ತು. ಮ್ಯಾಂಟಲ್ ಹಾಕಿದ ರಾತ್ರಿ ಟಾಸ್ಕ್ ಮ್ಯಾನೇಜರಿನಲ್ಲಿ ಆರೂ ಕಂಬ ಎದ್ದು ನಿಂತದ್ದನ್ನು ನೋಡಿ ಐ3 ಗೆಳೆಯನಿಗೆ ಫೋಟೋ ಕಳಿಸಿದ್ದೆ. ಒಂದು ರೂಪಾಯಿ ಖರ್ಚಿಲ್ಲದೆ ಮಷೀನಿಗೆ ಹೊಸ ಜೀವ. ಹಾರ್ಡ್‌ವೇರ್ ಮಾರುವ ಕಂಪನಿಯೇ, ಹೊಸ ಹಾರ್ಡ್‌ವೇರ್ ಬೇಡ ಅನ್ನಿಸುವಂಥದ್ದನ್ನು ಪುಕ್ಕಟೆ ಕೊಡುವುದು ದಿನಾ ನಡೆಯುವ ಸಂಗತಿ ಅಲ್ಲ.

ಮ್ಯಾಂಟಲ್ ಬಹಳ ದಿನ ಬಾಳಲಿಲ್ಲ, ಆದರೆ ಮಕ್ಕಳು ಬೆಳೆದವು. ಮೈಕ್ರೋಸಾಫ್ಟ್ 2014ರ ಮಾರ್ಚಿನಲ್ಲಿ ಡೈರೆಕ್ಟ್‌ಎಕ್ಸ್ 12 ಘೋಷಿಸಿ, 2015ರ ಜುಲೈನಲ್ಲಿ ವಿಂಡೋಸ್ 10ರ ಜೊತೆ ಕೊಟ್ಟಿತು. ಆ್ಯಪಲ್ ತನ್ನದೇ ಮೆಟಲ್ ಮಾಡಿಕೊಂಡಿತು. ಮ್ಯಾಂಟಲ್‌ನ ಕೆಲಸವನ್ನು ಎಎಂಡಿ ಕ್ರೋನೋಸ್ ಒಕ್ಕೂಟಕ್ಕೆ ಒಪ್ಪಿಸಿತು. ಅದರ ಮೇಲೆ ಕಟ್ಟಿದ ವಲ್ಕನ್ 2016ರ ಫೆಬ್ರವರಿಯಲ್ಲಿ ಬಂತು. ಅದೇ ಜುಲೈನಲ್ಲಿ ಡೂಮ್ ಆಟಕ್ಕೆ ವಲ್ಕನ್ ಪ್ಯಾಚ್ ಬಂದಾಗ ಎಎಂಡಿ ಕಾರ್ಡಿನವರೆಲ್ಲ ಇನ್ನೊಂದು ಸಲ ಹಬ್ಬ ಮಾಡಿದೆವು. ಇವತ್ತು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಇದೇ ವಲ್ಕನ್ ಇದೆ.

ಅಲ್ಲಿಂದ ಸುಮಾರು 2020ರವರೆಗೆ ಅಸುಂಡಿಯ ಮಷೀನಿಗೆ ಸುಗ್ಗಿ. ಆಟ ಮಾಡುವವರು ಪಿಎಸ್4ನ್ನು ಕಣ್ಣ ಮುಂದೆ ಇಟ್ಟುಕೊಂಡಷ್ಟು ದಿನ, ಅದರ ಹತ್ತಿರದ ನೆಂಟನಾದ ನಮ್ಮ ಕಾರ್ಡಿಗೂ ಅನ್ನ ಸಿಗುತ್ತಿತ್ತು. ಪಿಸಿಯವರು ಕನ್ಸೋಲ್ ಕಂಡರೆ ಮೂಗು ಮುರಿಯುತ್ತಾರೆ, "ಅದರಿಂದಲೇ ಆಟಗಳು ಹಿಂದೆ ಬಿದ್ದವು" ಅಂತ. ಎರಡು ಲಕ್ಷದ ಮಷೀನು ಇಟ್ಟುಕೊಂಡವರ ದೂರು ಅದು. ಹಳೆಯ ಕಾರ್ಡಿನವರಿಗೆ ಕನ್ಸೋಲೇ ಬೇಲಿ: ಆ ಬೇಲಿ ಇರುವ ತನಕ ಯಾರೂ ನಮ್ಮನ್ನು ಆಟದಿಂದ ಹೊರಗೆ ಹಾಕಲಾರರು.

ಆದರೆ ಒಂದು ಕಡೆ ಬೇಲಿ ಮೊದಲೇ ಹರಿದಿತ್ತು. ಪಿಎಸ್4ರಲ್ಲಿ 8 ಜಿಬಿ ವೇಗದ ಮೆಮೊರಿ, ಅದನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಹಂಚಿಕೊಳ್ಳುತ್ತವೆ. ನಮ್ಮ ಕಾರ್ಡಿನಲ್ಲಿ ಇದ್ದದ್ದು 2 ಜಿಬಿ. ಲೆಕ್ಕ ಮಾಡುವ ತಾಕತ್ತು ಸಾಕಷ್ಟಿದ್ದರೂ ಚಿತ್ರಗಳನ್ನು ಇಡಲು ಜಾಗ ಇಲ್ಲ. ಆಟದಲ್ಲಿ ಹತ್ತಿರ ಹೋದರೂ ಗೋಡೆ ರಾಡಿ ಮೆತ್ತಿದ ಹಾಗೆ ಮಸುಕಾಗೇ ಇರುತ್ತಿತ್ತು. ನಾನು ನೋಡಿದ ಮಟ್ಟಿಗೆ ಮಧ್ಯಮ ದರ್ಜೆಯ ಕಾರ್ಡುಗಳು ಸಾಯುವುದು ಹೀಗೇ, ತೋಳಿನ ಬಲ ಕುಂದಿ ಅಲ್ಲ, ಕಣಜ ಸಣ್ಣದಾಗಿ. 2023ರಲ್ಲಿ ದಿ ಲಾಸ್ಟ್ ಆಫ್ ಅಸ್ ಪಿಸಿಗೆ ಬಂದಾಗ 8 ಜಿಬಿ ಕಾರ್ಡಿನವರು ಪಟ್ಟ ಪಾಡು ಅದೇ ಕಥೆಯ ಎರಡನೇ ಭಾಗ.

ಇನ್ನು ದಲಾಲ ಹೋದಮೇಲೆ ಬಂದ ತೊಂದರೆಗಳ ಮಾತು. ಅವನ ಕೆಲಸ ಮಾಯವಾಗಲಿಲ್ಲ, ಆಟ ಬರೆಯುವವರ ತಲೆಯ ಮೇಲೆ ಬಂತು. ಮೆಮೊರಿ ಲೆಕ್ಕ ಅವರೇ ನೋಡಬೇಕು, ಸರದಿ ಅವರೇ ಹಚ್ಚಬೇಕು. ಶೇಡರ್ ಅಂತ ಸಣ್ಣಸಣ್ಣ ಪ್ರೋಗ್ರಾಮುಗಳಿರುತ್ತವೆ, ಬೆಳಕು ನೆರಳು ಲೆಕ್ಕ ಹಾಕೋಕೆ. ಅವನ್ನು ಪ್ರತಿ ಕಾರ್ಡಿಗೂ ಬೇರೆಬೇರೆಯಾಗಿ ಕಂಪೈಲ್ ಮಾಡಬೇಕು. ಕನ್ಸೋಲಿನಲ್ಲಿ ಚಿಪ್ಪು ಒಂದೇ, ಆದ್ದರಿಂದ ಅಟ್ಟ ಅಡುಗೆ ಡಬ್ಬಿಯಲ್ಲೇ ಬರುತ್ತದೆ. ಪಿಸಿಯಲ್ಲಿ ನಿಮ್ಮ ಮನೆಯ ಒಲೆ ಎಂಥದ್ದೋ ಯಾರಿಗೆ ಗೊತ್ತು, ಬೇಳೆ ಅಕ್ಕಿ ಕೊಡುತ್ತಾರೆ, ಬೇಯಿಸಿಕೊಳ್ಳಬೇಕು. ಕೆಲವು ಆಟಗಳು ಮೊದಲೇ ಬೇಯಿಸಿಕೊಳ್ಳುತ್ತವೆ. ಕೆಲವು ಆಡುವಾಗಲೇ ಬೇಯಿಸುತ್ತವೆ, ಆಗ ಪರದೆ ಗಕ್ಕನೆ ನಿಂತು ಮುಂದೆ ಹೋಗುತ್ತದೆ. 2022ರ ಎಲ್ಡನ್ ರಿಂಗ್ ಪಿಸಿಯಲ್ಲಿ ಈ ರೋಗಕ್ಕೇ ಹೆಸರಾಯಿತು, ಅದೂ ಲಕ್ಷದ ಕಾರ್ಡುಗಳಲ್ಲಿ. ಅಸುಂಡಿಯಲ್ಲಿ ಈ ಬೇಯಿಸುವ ಕೆಲಸಕ್ಕೆ ಅರ್ಧ ತಾಸು, ಕೆಲವೊಮ್ಮೆ ಮುಕ್ಕಾಲು. ತೊಂಬತ್ತು ಪರ್ಸೆಂಟಿಗೆ ಬಂದಾಗ ಕರೆಂಟು ಹೋಗುತ್ತೆ. ಕಪ್ಪತಗುಡ್ಡದ ಕಡೆ ಗಾಳಿ ಫ್ಯಾನುಗಳು ಮಾತ್ರ ತಮ್ಮ ಪಾಡಿಗೆ ತಿರುಗುತ್ತಿರುತ್ತವೆ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವ ತೊಂದರೆ ಬೇರೆ. ಹಿಂದೆ ಆಟವೊಂದು ಕೆಟ್ಟದಾಗಿ ಬಂದರೆ ಎಎಂಡಿ, ಎನ್‌ವಿಡಿಯಾದವರು ಡ್ರೈವರಿನಲ್ಲೇ ತೇಪೆ ಹಾಕಿ ಓಡಿಸಿಬಿಡುತ್ತಿದ್ದರು. ಹಳೆಯ ಕಾರ್ಡಿನ ಗುಣಾವಗುಣ ಅವರಿಗೆ ಗೊತ್ತಿರುತ್ತಿತ್ತು. ಈಗ ಆ ಜವಾಬ್ದಾರಿಯ ದೊಡ್ಡ ಪಾಲು ಆಟದ ಸ್ಟುಡಿಯೋದ್ದು. ಯಾವ ಸ್ಟುಡಿಯೋ ಆರ್9 270 ಹುಡುಕಿ ತಂದು ಪರೀಕ್ಷೆ ಮಾಡುತ್ತೆ ಹೇಳಿ? 2021ರ ಜೂನಿನಲ್ಲಿ ಎಎಂಡಿ ಕೂಡ ಆ ಪೀಳಿಗೆಯ ಕಾರ್ಡುಗಳಿಗೆ ಹೊಸ ಡ್ರೈವರ್ ನಿಲ್ಲಿಸಿತು. ಎನ್‌ವಿಡಿಯಾ ತನ್ನ ಜಿಟಿಎಕ್ಸ್ 900, 1000 ಸರಣಿಗೆ ಆಟದ ಡ್ರೈವರುಗಳನ್ನು 2025ರ ಅಕ್ಟೋಬರಿಗೆ ಮುಗಿಸಿತು.

ಇದನ್ನೆಲ್ಲ ಹೇಳಿದ ಮೇಲೆ ಕಾಕಾ ಅಂದದ್ದು: "ದಲಾಲ ಕಮಿಷನ್ ತಿಂತಾನ, ಖರೆ. ಆದ್ರ ಬಿತ್ತಿಗೆ ಟೈಮಿಗೆ ಮುಂಗಡ ಕೊಡಾಂವನೂ ಅವನ. ರಾತ್ರಿ ಹನ್ನೆರಡಕ್ಕ ಫೋನ್ ಮಾಡಿದ್ರ ಎತ್ತತಾನ. ಅವನ್ನ ತಗದ ಮ್ಯಾಲ ಸಣ್ಣ ರೈತನ್ನ ಕೇಳಾವ್ರು ಯಾರು?" ಎಷ್ಟೋ ಟೆಕ್ ವಿಡಿಯೋಗಳಲ್ಲಿ ಇಷ್ಟು ನೆಟ್ಟಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

2020ರ ನವೆಂಬರಿನಲ್ಲಿ ಬೇಲಿ ಎತ್ತರವಾಯಿತು. ಪಿಎಸ್5ರಲ್ಲಿ ಎಂಟು ಜೆನ್ 2 ಕೋರುಗಳು, ಇವು ಬಡಕಲಲ್ಲ. 16 ಜಿಬಿ ಮೆಮೊರಿ, 10.28 ಟೆರಾಫ್ಲಾಪ್, ಸೆಕೆಂಡಿಗೆ 5.5 ಜಿಬಿ ಓದುವ ಎಸ್‌ಎಸ್‌ಡಿ. ಅಸುಂಡಿಯ ಹಾರ್ಡ್‌ಡಿಸ್ಕು ಸೆಕೆಂಡಿಗೆ ನೂರು ಚಿಲ್ಲರೆ ಎಂಬಿ ಕೊಟ್ಟರೆ ಪುಣ್ಯ. ಎರಡು ಮೂರು ವರ್ಷ ಆಟಗಳು ಹಳೆಯ ಹೊಸ ಎರಡೂ ಕನ್ಸೋಲಿಗೆ ಬಂದವು, ಆಮೇಲೆ ಹಳೆಯದನ್ನು ಕೈಬಿಟ್ಟವು. 2023ರ ಸ್ಟಾರ್‌ಫೀಲ್ಡ್‌ನಲ್ಲಿ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲೇ ಎಸ್‌ಎಸ್‌ಡಿ ಇತ್ತು. ಅದೇ ವರ್ಷ ಅಲನ್ ವೇಕ್ 2, ಮೆಶ್ ಶೇಡರ್ ಇಲ್ಲದ ಕಾರ್ಡುಗಳನ್ನು ಬೆಂಬಲದ ಪಟ್ಟಿಯಿಂದ ಹೊರಗೆ ಇಟ್ಟಿತು. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ ಇರುವ ಕಾರ್ಡು ಕಡ್ಡಾಯ. ಹಿಂದೆ ಸೆಟ್ಟಿಂಗ್ ಇಳಿಸಿದರೆ ಹಳೆಯ ಕಾರ್ಡೂ ಕುಂಟುತ್ತಾ ಬರುತ್ತಿತ್ತು. ಈಗ ಕುಂಟಲಿಕ್ಕೂ ಅವಕಾಶ ಇಲ್ಲ, ಬಾಗಿಲಲ್ಲೇ ತಡೆ.

ಇದರ ಜೊತೆಗೆ ಒಂದು ರೂಢಿಯೂ ಮುರಿದುಬಿತ್ತು. ಕನ್ಸೋಲು ಹಳೆಯದಾದಂತೆ ಅಗ್ಗವಾಗಬೇಕು, ಬಡವರ ಮನೆಗೆ ಅದು ಬರುವುದೇ ನಾಲ್ಕನೇ ಐದನೇ ವರ್ಷಕ್ಕೆ. ಪಿಎಸ್5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಇರುವುದರ ಬೆಲೆ 49,990 ರೂಪಾಯಿ. 2022ರ ನವೆಂಬರಿನಲ್ಲಿ ಅದು 54,990 ಆಯಿತು. ದೊಡ್ಡ ಹೊಸ ಆಟವೊಂದಕ್ಕೆ ಐದು ಸಾವಿರದ ಹತ್ತಿರ ಹತ್ತಿರ.

ಹೀಗಾಗಿ ಪಡಸಾಲೆಯಲ್ಲಿ ನಮ್ಮ ಮುಂದೆ ಇದ್ದ ದಾರಿಗಳು ಇವು. ಪಿಎಸ್5 ತಂದರೆ ಆಟದ ಮಟ್ಟಿಗೆ ಐದಾರು ವರ್ಷ ನಿಶ್ಚಿಂತೆ, ಆದರೆ ಅದರಲ್ಲಿ ಲಗ್ನಪತ್ರಿಕೆ ಆಗಲ್ಲ. ಹೊಸ ಪಿಸಿ ಕಟ್ಟಿದರೆ ಎರಡೂ ಆಗುತ್ತೆ, ಆದರೆ ಪಿಎಸ್5 ಸಮಕ್ಕೆ ನಿಲ್ಲುವ ಪಿಸಿ ಅದಕ್ಕಿಂತ ದುಬಾರಿ, ಹೆಸರಿನ ರೊಕ್ಕಕ್ಕೆ ನಿಲುಕದು. ಮೂರನೆಯದು ಕಾರ್ಡು ಮಾತ್ರ ಬದಲಿಸುವುದು. ಕಾಕು ನಾಲ್ಕನೆಯದನ್ನೂ ಹೇಳಿದಳು, "ಓದೂದು ಮುಗಸ್ಲಿ ಮದ್ಲ." ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಾರ್ಡು ಬದಲಿಸೋದು ಕೇಳಲಿಕ್ಕೆ ಸುಲಭ. ಲೋ-ಲೆವೆಲ್ ಎಪಿಐ ಬಂದಮೇಲೆ ಡ್ರೈವರಿನ ಭಾರ ಹೋಯಿತು, ಹಳೆಯ ಪ್ರೊಸೆಸರಿಗೆ ಯಾವ ಹೊಸ ಕಾರ್ಡಾದರೂ ಹಾಕಬಹುದು ಅಂತ ನಂಬಿದವರು ಬಹಳ. ಭಾರ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎನ್‌ವಿಡಿಯಾ ಕಾರ್ಡುಗಳು ಡೈರೆಕ್ಟ್‌ಎಕ್ಸ್ 12ರಲ್ಲೂ ಹಳೆಯ ಪ್ರೊಸೆಸರಿನ ಜೊತೆ ಎಎಂಡಿಗಿಂತ ಹೆಚ್ಚು ಎಡವುತ್ತವೆ ಅನ್ನೋದು 2021ರಲ್ಲಿ ಬಯಲಿಗೆ ಬಂತು. 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580, 12 ಜಿಬಿ ಮೆಮೊರಿಯ ಒಳ್ಳೆಯ ಕಾರ್ಡು. ಆದರೆ ಅದಕ್ಕೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಬೇಕು, ಪ್ರೊಸೆಸರ್ ಸ್ವಲ್ಪ ಹಳೆಯದಾದರೂ ಸೊರಗುತ್ತೆ. ಆರ್‌ಎಕ್ಸ್ 6600 ಹಾಕೋಣ ಅಂದರೆ ಅದು ಬಳಸುವುದು ಎಂಟೇ ಪಿಸಿಐಇ ಲೇನು. ನಮ್ಮ ಬೋರ್ಡು ಪಿಸಿಐಇ 2.0, ಹೆದ್ದಾರಿಯ ಲಾರಿಯನ್ನು ಹೊಲದ ದಾರಿಗೆ ಇಳಿಸಿದ ಹಾಗೆ. ಮೇಲಾಗಿ ಎಫ್‌ಎಕ್ಸ್-6300ಕ್ಕೆ ಎವಿಎಕ್ಸ್2 ಸೂಚನೆಗಳು ಬರುವುದಿಲ್ಲ, ಕೆಲವು ಹೊಸ ಆಟಗಳಿಗೆ ಅದು ಬೇಕೇ ಬೇಕು. ಹೊಸ ಕಾರ್ಡಿಗೆ ದುಡ್ಡು ಸುರಿದರೂ ಬಾಗಿಲಲ್ಲೇ ನಿಲ್ಲುವ ಸಾಧ್ಯತೆ ಇದ್ದೇ ಇತ್ತು.

ಕೊನೆಗೆ ಮಾಡಿದ್ದು ಇಷ್ಟು. ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಹುಡುಕಿದೆ. 2017ರ ಕಾರ್ಡು, ಹದಿನಾರು ಲೇನು, ಕಣಜ 8 ಜಿಬಿ. ಯಾವನೋ ಬಿಟ್‌ಕಾಯಿನ್ನೋ ಮತ್ತೊಂದೋ ಮೈನಿಂಗ್ ಮಾಡಿ ಬಿಟ್ಟದ್ದಿರಬೇಕು, ಫ್ಯಾನು ಕಿರುಗುಟ್ಟುತ್ತಿತ್ತು. ಅಂಗಡಿಯಲ್ಲೇ ಅರ್ಧ ತಾಸು ಓಡಿಸಿ ನೋಡಿ, ಚೌಕಾಸಿ ಮಾಡಿ ತಗೊಂಡೆ. ಜೊತೆಗೆ 500 ಜಿಬಿಯ ಸಾಟಾ ಎಸ್‌ಎಸ್‌ಡಿ. ಎರಡೂ ಸೇರಿ ಹತ್ತು ಸಾವಿರದ ಒಳಗೆ ಆಯಿತು. ಅರ್ಧ ಅವನ ಫ್ಲೆಕ್ಸಿನ ದುಡ್ಡು, ಅರ್ಧ ನನ್ನದು. ಕಾಕಾನ ಹೆಸರಿನ ರೊಕ್ಕ ಮುಟ್ಟಲಿಲ್ಲ.

ಆಮೇಲೆ ಲಿನಕ್ಸ್ ಹಾಕಿದೆವು. ಇಲ್ಲಿ ಕಥೆ ಸ್ವಲ್ಪ ತಿರುಗುತ್ತದೆ. ಕಂಪನಿ ಕೈಬಿಟ್ಟ ಕಾರ್ಡುಗಳಿಗೂ ಲಿನಕ್ಸಿನಲ್ಲಿ ಡ್ರೈವರ್ ಬರುತ್ತಲೇ ಇದೆ. ಎಎಂಡಿ ಕಾರ್ಡುಗಳಿಗೆ ವಲ್ಕನ್ ನಡೆಸಿಕೊಡುವ ರಾಡ್‌ವಿ ಅನ್ನೋ ಡ್ರೈವರು 2016ರಲ್ಲಿ ಕಂಪನಿಯ ಹೊರಗಿನವರು ಶುರುಮಾಡಿದ್ದು. ಸ್ಟೀಮ್ ನಡೆಸುವ ವಾಲ್ವ್ ಆಮೇಲೆ ಕೈಜೋಡಿಸಿತು. ಎಲ್ಲರಿಗೂ ತೆರೆದ ಕೋಡು, ಯಾರ ಮನೆಯಲ್ಲಿ ಹಳೆಯ ಕಾರ್ಡಿದೆಯೋ ಅವರೇ ದುರಸ್ತಿ ಮಾಡಿ ಕಳಿಸಬಹುದು. ಕಾಕಾನಿಗೆ ಇದನ್ನು ವಿವರಿಸುವುದು ಕಷ್ಟ ಆಗಲಿಲ್ಲ. ನಮ್ಮ ತಾಲೂಕಿನ ಕಣಗಿನಹಾಳದಲ್ಲೇ ಅಲ್ಲವೇ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ಏಷ್ಯಾಕ್ಕೇ ಮೊದಲನೆಯದು ಅಂತ ಹೆಸರಾದದ್ದು. "ಹಂಗಂದ್ರ ಸೊಸೈಟಿ ಅನ್ನು" ಅಂದ ಕಾಕಾ. ಹೌದು, ಸೊಸೈಟಿ.

ವಾಲ್ವ್ 2018ರಲ್ಲಿ ಕೊಟ್ಟ ಪ್ರೋಟಾನ್, ವಿಂಡೋಸ್ ಆಟದ ಡೈರೆಕ್ಟ್‌ಎಕ್ಸ್ ಮಾತನ್ನು ವಲ್ಕನ್‌ಗೆ ಅನುವಾದಿಸುತ್ತದೆ. ಅಂದರೆ ಹತ್ತು ವರ್ಷದ ಹಿಂದಿನ ಡೈರೆಕ್ಟ್‌ಎಕ್ಸ್ 11 ಆಟವೂ ಈಗ ಹೊಸ ದಾರಿಯಲ್ಲಿ ಓಡುತ್ತದೆ. ಜಿಟಿಎ 5 ಚೆಂದ ನಡೆಯುತ್ತಿದೆ, ಒಬ್ಬನೇ ಆಡುವ ಕಥೆಯ ಭಾಗ ಮಾತ್ರ. ಆನ್‌ಲೈನ್ ಭಾಗವನ್ನು, ಮೋಸ ತಡೆಯುವ ತಂತ್ರಾಂಶದ ನೆಪದಲ್ಲಿ, 2024ರ ಸೆಪ್ಟೆಂಬರಿನಿಂದ ಲಿನಕ್ಸಿಗೆ ಮುಚ್ಚಿಬಿಟ್ಟಿದ್ದಾರೆ. ಎಲ್ಡನ್ ರಿಂಗ್ ಮೊದಲಿನಷ್ಟು ಗಕ್ಕನೆ ನಿಲ್ಲುವುದಿಲ್ಲ. ಅಲನ್ ವೇಕ್ 2, ಇಂಡಿಯಾನಾ ಜೋನ್ಸ್ ಆಸೆ ಬಿಟ್ಟಾಯಿತು. ಕೋರೆಲ್‌ಡ್ರಾಗೆ ಲಿನಕ್ಸ್ ಆಗಿಬರೋದಿಲ್ಲ, ಪ್ರೆಸ್ಸಿನವರಿಗೆ ಅದೇ ಬೇಕು. ಅದಕ್ಕಾಗಿ ಹಳೆಯ ಡಿಸ್ಕಿನಲ್ಲಿ ವಿಂಡೋಸ್ 10ನ್ನು ಹಾಗೇ ಉಳಿಸಿ, ಇಂಟರ್ನೆಟ್ ಕಿತ್ತು, ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯುವ ವ್ಯವಸ್ಥೆ. ಜಿಟಿಎ 6 ಮೇ ತಿಂಗಳಿನಿಂದ 2026ರ ನವೆಂಬರ್ 19ಕ್ಕೆ ಮುಂದಕ್ಕೆ ಹೋಯಿತು. ಪಿಎಸ್5 ಮಾತು ಸದ್ಯಕ್ಕೆ ತಣ್ಣಗಾಗಿದೆ.

ಈ ಬರಹ ಓದುವವರಲ್ಲಿ ಕೆಲವರಾದರೂ ಚಿಪ್ ಕಂಪನಿಗಳಲ್ಲೇ ಇರುತ್ತೀರಿ. 2023ರ ನವೆಂಬರಿನಲ್ಲಿ ಎಎಂಡಿ ಜಗತ್ತಿನಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. ಎನ್‌ವಿಡಿಯಾ, ಇಂಟೆಲ್ ಕಚೇರಿಗಳೂ ಅದೇ ಟ್ರಾಫಿಕ್ಕಿನ ಆಚೆ ಈಚೆ. ಯಾವ ಕಾರ್ಡಿಗೆ ಡ್ರೈವರ್ ನಿಲ್ಲಿಸಬೇಕು ಅನ್ನೋ ಮೀಟಿಂಗಿನಲ್ಲಿ ಕೂತಾಗ ಪರದೆಯ ಮೇಲೆ ಬರುವ ಅಂಕಿಗಳಲ್ಲಿ ಅಸುಂಡಿಯ ಒಂದು ಮಷೀನೂ ಇರುತ್ತದೆ ಅಂತ ತಿಳಿದಿರಲಿ ಎಂದಷ್ಟೇ ಹೇಳಿದೆ.

ಕಾರ್ಡು ಬಂದಮೇಲೆ ಹುಡುಗನಿಗೆ ಹೊಸ ಹುಚ್ಚು. ಆಟ ಆಡೋದು ಸಾಕು, ಬರೆದು ನೋಡ್ತೀನಿ ಅಂತ ವಲ್ಕನ್ ಪಾಠ ಶುರುಮಾಡಿದ. ಅದರಲ್ಲಿ ಮೊದಲ ಪಾಠವೇ ಪರದೆಯ ಮೇಲೆ ಒಂದು ತ್ರಿಕೋನ ಬರಿಸೋದು. ದಲಾಲ ಇಲ್ಲದ ಪೇಟೆ ತಾನೆ, ಪ್ರತಿಯೊಂದನ್ನೂ ನಾವೇ ಹೇಳಬೇಕು: ಯಾವ ಕಾರ್ಡು, ಎಷ್ಟು ಮೆಮೊರಿ, ಯಾವುದರ ನಂತರ ಯಾವುದು. ಒಂದು ತ್ರಿಕೋನಕ್ಕೆ ಸಾವಿರದ ಹತ್ತಿರ ಸಾಲು ಕೋಡು. ಮೂರು ರಾತ್ರಿ ಕಪ್ಪು ಪರದೆ ನೋಡಿ ನಾಲ್ಕನೇ ರಾತ್ರಿ ಹನ್ನೊಂದೂವರೆಗೆ ನನಗೆ ವಿಡಿಯೋ ಕಾಲ್ ಮಾಡಿದ. ಕೆಂಪು, ಹಸಿರು, ನೀಲಿ ಮೂಲೆಗಳ ತ್ರಿಕೋನ ಪರದೆಯ ನಡುವೆ ನಿಂತಿತ್ತು. ಹಿಂದೆ ಕಾಕಾ ಕಂಬಳಿ ಹೊದ್ದು ಬಂದು, ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟಕ್ಕ ನಾಕ ದಿನಾ ಲೈಟ್ ಹಚ್ಚಿದ್ಯಾ?" ಅಂದದ್ದು ಕೇಳಿಸಿತು. ಹುಡುಗ ಉತ್ತರ ಕೊಡಲಿಲ್ಲ, ಅದು ತಿರುಗುವ ಹಾಗೆ ಮಾಡೋದು ಹೇಗೆ ಅಂತ ನನ್ನನ್ನು ಕೇಳುತ್ತಿದ್ದ.